ಜ್ವರ ನೂರು ದಾಟಿದರೆ ಬೆಳಗಾಗಲಿ ಎಂದು ಕಾಯಬೇಡ

ಮಡಿಕೇರಿ
ಜೂನ್ 8

ಪ್ರೀತಿಯ ಮಗಳೇ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. 15ರ ಸೋಮವಾರ ಮೈಸೂರಿನಲ್ಲಿ ನಿನ್ನ ಸ್ತನ ಕ್ಯಾನ್ಸರಿಗೆ ಮೊದಲ ಕೀಮೋ ಎಂದು ನಿನ್ನ ಅಮ್ಮ ಹೇಳಿದಳು. ನಾಪೋಕ್ಲಿನ ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ, ಒಬ್ಬಳೇ ಇದ್ದು ನಿಭಾಯಿಸುತ್ತೇನೆ ಅಂದೆಯಂತೆ. ನಿನ್ನ ಹಟ ಬಿಡಿಸಲು ಬರೆಯುತ್ತಿಲ್ಲ. ಒಬ್ಬಳೇ ಇದ್ದು ಕೀಮೋ ದಾಟಬಹುದು. ಆದರೆ ಜೊತೆಗೆ ಯಾರಾದರೂ ಇದ್ದರೆ ನಿನ್ನ ಮುಖ ಕೆಂಪಾದದ್ದು, ಮೈ ನಡುಗಿದ್ದು, ಬೆಳಗಿನಿಂದ ನೀರು ಮುಟ್ಟದಿದ್ದದ್ದು ಅವರ ಕಣ್ಣಿಗೆ ಬೀಳುತ್ತದೆ. ನಿನ್ನ ಮನೆಯಲ್ಲಿ ಆ ಕಣ್ಣಿಲ್ಲ. ಆ ನೋಡುವ ಕೆಲಸವನ್ನು ಥರ್ಮಾಮೀಟರಿಗೂ ಕ್ಯಾಲೆಂಡರಿಗೂ ಪಕ್ಕದ ಮನೆಯವರಿಗೂ ಹಂಚಿಬಿಡಬೇಕು.

ಮೊದಲು ಕ್ಯಾಲೆಂಡರ್ ಇಳಿಸಿಕೋ. 21 ದಿನಕ್ಕೊಮ್ಮೆಯಂತೆ ನಾಲ್ಕು ಸಲ, ಅಂದರೆ ಜೂನ್ 15, ಜುಲೈ 6, ಜುಲೈ 27, ಆಗಸ್ಟ್ 17. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಈ ಔಷಧಿಯ ಕೆಲಸ. ಗಡ್ಡೆ ಯಾವುದು, ಮೂಳೆಯೊಳಗಿನ ಮಜ್ಜೆ ಯಾವುದು, ಬಾಯಿಯ ಒಳಪದರ ಯಾವುದು, ಕೂದಲಿನ ಬುಡ ಯಾವುದು ಎಂಬ ಭೇದ ಅದಕ್ಕಿಲ್ಲ. ಮಜ್ಜೆಗೆ ಪೆಟ್ಟು ಬೀಳುವುದರಿಂದ ಪ್ರತಿ ಕೀಮೋ ಆದ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತಳ ಕಾಣುತ್ತದೆ. ಹಾಗಾಗಿ ಜೂನ್ 22ರಿಂದ 29, ಜುಲೈ 13ರಿಂದ 20, ಆಗಸ್ಟ್ 3ರಿಂದ 10, ಆಗಸ್ಟ್ 24ರಿಂದ 31, ಇಷ್ಟಕ್ಕೂ ಕೆಂಪು ಗೆರೆ ಹಾಕು. ನಾಲ್ಕೂ ನಮ್ಮ ಮಳೆಗಾಲದಲ್ಲೇ ಬರುತ್ತವೆ ನೋಡು.

ಒಬ್ಬರೇ ಇರುವವರು ಮೋಸ ಹೋಗುವುದು ಈ ಕೆಂಪು ವಾರದಲ್ಲಿ. ಮೂರನೇ, ನಾಲ್ಕನೇ ದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ, ಆಗ ಎಲ್ಲರೂ ಫೋನ್ ಮಾಡುತ್ತಾರೆ. ಎಂಟನೇ ದಿನಕ್ಕೆ ವಾಂತಿ ನಿಂತು, ಊಟ ರುಚಿಸಿ, ಗೆದ್ದೆ ಅನ್ನಿಸುತ್ತದೆ. ನಿಜವಾದ ಅಪಾಯ ಶುರುವಾಗುವುದು ಆಗಲೇ.

ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಜ್ವರ ನೋಡಿ ಕ್ಯಾಲೆಂಡರಿನಲ್ಲೇ ಬರೆ. ಬಿಸಿ ಕಾಫಿ ಕುಡಿದಿದ್ದರೆ 20 ನಿಮಿಷ ಬಿಟ್ಟು ನೋಡು. 100 ತೋರಿಸಿದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡು, ಪಕ್ಕದ ಮನೆಗೆ ತಿಳಿಸು. 100.4 ಮುಟ್ಟಿದರೆ ಆಸ್ಪತ್ರೆಗೆ ಹೊರಡು, ಗಂಟೆ ಎಷ್ಟಾದರೂ ಸರಿ. ಜ್ವರ ಇಲ್ಲದೆ ಮೈ ಗಡಗಡ ನಡುಗಿದರೂ ಅಷ್ಟೇ. ಬಿಳಿ ಕಣ ಇಲ್ಲದ ಮೈಯಲ್ಲಿ ಕೀವು ಕಟ್ಟುವುದಿಲ್ಲ, ಗಾಯ ಕೆಂಪಾಗುವುದಿಲ್ಲ, ಎಷ್ಟೋ ಸಲ ಜ್ವರವೊಂದೇ ಸೋಂಕಿನ ಸುಳಿವು. ಡೋಲೋ ನುಂಗಿ ಮಲಗಿದೆಯೋ, ಆ ಒಂದು ಸುಳಿವನ್ನೂ ಅಳಿಸಿದ ಹಾಗೆ. ಸೋಂಕು ಒಳಗೇ ರಕ್ತಕ್ಕೆ ಹಬ್ಬಿ ಬೆಳಗಾಗುವ ಹೊತ್ತಿಗೆ ಬಿ.ಪಿ. ಕುಸಿದಿರಬಹುದು. ತಲೆನೋವಿಗೋ ಮೈನೋವಿಗೋ ಡೋಲೋ ಬೇಕೇ ಬೇಕು ಅನ್ನಿಸಿದರೆ ಮೊದಲು ಜ್ವರ ನೋಡು, ಆಮೇಲೆ ಮಾತ್ರೆ.

ಮೈಸೂರಿನವರೆಗೆ ಓಡುವುದು ಬೇಡ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಆ್ಯಂಟಿಬಯೋಟಿಕ್ ನರಕ್ಕೆ ಹೋಗಲಿ. ತಲುಪಿದ ಒಂದು ಗಂಟೆಯೊಳಗೆ ಅದು ಸಿಗಬೇಕು. ರಾತ್ರಿ ಡ್ಯೂಟಿಯ ಡಾಕ್ಟರಿಗೆ ನೀನು ಮಳೆಗಾಲದ ಜ್ವರದ ಇನ್ನೊಬ್ಬ ರೋಗಿಯಂತೆ ಕಾಣಬಹುದು. ಅದಕ್ಕೆ ಒಂದು ಚೀಟಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿರು: “ನನಗೆ ಸ್ತನ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ. ಕೊನೆಯ ಕೀಮೋ ಈ ತಾರೀಖು. ಔಷಧಿ ಡಾಕ್ಸೋರುಬಿಸಿನ್, ಸೈಕ್ಲೋಫಾಸ್ಫಮೈಡ್. ಜ್ವರ ಇಷ್ಟು. ಫೆಬ್ರೈಲ್ ನ್ಯೂಟ್ರೋಪೀನಿಯಾ ಇರಬಹುದು, ಕೂಡಲೇ ಸಿ.ಬಿ.ಸಿ. ಮಾಡಿ, ನನ್ನ ಡಾಕ್ಟರಿಗೆ ಫೋನ್ ಮಾಡಿ.” ಕೆಳಗೆ ಮೈಸೂರಿನ ನಂಬರ್. ಫೆಬ್ರೈಲ್ ನ್ಯೂಟ್ರೋಪೀನಿಯಾ ಅಂದರೆ ಬಿಳಿ ಕಣ ಕುಸಿದಿರುವಾಗ ಬರುವ ಜ್ವರ, ಸಿ.ಬಿ.ಸಿ. ಅಂದರೆ ರಕ್ತಕಣ ಎಣಿಸುವ ಪರೀಕ್ಷೆ. ಜ್ವರದಲ್ಲಿ ನಾಲಿಗೆ ತೊದಲಿದರೂ ಚೀಟಿ ಮಾತಾಡುತ್ತದೆ.

ಇನ್ನು ರಸ್ತೆ. ಕಾವೇರಿ ಏರಿದರೆ ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ನೀರು ನಿಲ್ಲುವುದು ನಿನಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಎಷ್ಟು ಊರುಗಳು ದಾರಿ ಇಲ್ಲದೆ ಉಳಿದವು ಎಂಬುದೂ ಗೊತ್ತು. 108 ಕರೆದರೂ ಗಾಡಿ ನೀರು ದಾಟಬೇಕಲ್ಲ. ಕೆಂಪು ವಾರದಲ್ಲಿ ಆರೆಂಜ್ ಅಲರ್ಟ್ ಬಂತೆಂದರೆ ಮಳೆ ಹಿಡಿಯುವ ಮುಂಚೆಯೇ ಮಡಿಕೇರಿಗೆ ಬಂದುಬಿಡು, ನನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಇದೊಂದನ್ನು ಮಾತ್ರ ನಾನು ಹಟ ಹಿಡಿದು ಹೇಳುತ್ತೇನೆ.

ಕರೆಂಟ್ ಹೋದರೆ ಟವರೂ ಹೋಗುತ್ತದೆ, ಬರೀ ಫೋನನ್ನು ನಂಬಬೇಡ. ಬೆಳಿಗ್ಗೆ ಎಂಟರೊಳಗೆ ಮುಂಬಾಗಿಲು ತೆರೆದು ಜಗಲಿಯ ಕಂಬಕ್ಕೆ ಆ ಕೆಂಪು ಟವೆಲ್ ಕಟ್ಟು, ರಾತ್ರಿ ಎಂಟಕ್ಕೆ ತೆಗೆ. ಟವೆಲ್ ಕಾಣದಿದ್ದರೆ ಪಕ್ಕದ ಮನೆಯವರು ಬಂದು ನೋಡಲಿ. ಅವರ ಹತ್ತಿರ ಒಂದು ಕೀಲಿ, ತೋಟದ ಆಳುಗಳ ಲೈನಿನ ಮೇಸ್ತ್ರಿಯ ಹತ್ತಿರ ಇನ್ನೊಂದು. ಒಳಗಿನ ಚಿಲಕ ಹಾಕಬೇಡ. ಹಾಕಿದರೆ ಹೊರಗಿನ ಕೀಲಿ ಇದ್ದೂ ಇಲ್ಲದ ಹಾಗೆ. ಬಚ್ಚಲಿನ ಚಿಲಕವೂ ಬೇಡ. ಸ್ನಾನ ಸ್ಟೂಲ್ ಮೇಲೆ ಕೂತು ಮಾಡು. ಹಾಸಿಗೆಯ ಪಕ್ಕ ಟಾರ್ಚ್, ನೀರು, ಥರ್ಮಾಮೀಟರ್, ಮುಚ್ಚಳದ ಬಕೆಟ್, ಎರಡು ರಸ್ಕ್ ಇರಲಿ. ರಾತ್ರಿ ಏಳುವಾಗ ಮೊದಲು ಮಂಚದ ಮೇಲೆ ಕೂತು ಕಾಲು ಇಳಿಬಿಡು, ಒಂದು ನಿಮಿಷ ಬಿಟ್ಟು ನಿಲ್ಲು.

ಕೀಮೋ ದಿನದ ವಿಷಯ. ನೀನೇ ಜೀಪ್ ಓಡಿಸಿಕೊಂಡು ಹೋಗಬೇಡ. ಅಲರ್ಜಿ ತಡೆಯಲು ಕೊಡುವ ಏವಿಲ್‌ನಂಥ ಇಂಜೆಕ್ಷನ್ ಕಣ್ಣು ಎಳೆಯುತ್ತದೆ. ಕೆಂಪು ಔಷಧಿ, ಅಂದರೆ ಡಾಕ್ಸೋರುಬಿಸಿನ್, ಹೋಗುವಾಗ ಸೂಜಿಯ ಸುತ್ತ ಉರಿದರೆ, ಊದಿದರೆ, ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡು ಕೂರಬೇಡ. ಅದು ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ, ಕೂಡಲೇ ಸಿಸ್ಟರನ್ನು ಕೂಗು. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ಔಷಧಿಯ ಬಣ್ಣ, ಹೆದರಬೇಡ. ಆದರೆ ಮೂರನೇ ದಿನದ ಮೇಲೂ ಕೆಂಪು ಕಂಡರೆ, ಇಲ್ಲವೇ ಉರಿ ಇದ್ದರೆ ತಿಳಿಸು, ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸಿ ರಕ್ತ ಬರಿಸಬಹುದು. ಅದಕ್ಕೇ ಮೊದಲ ಎರಡು ದಿನ ಎರಡೂವರೆ ಲೀಟರ್‌ನಷ್ಟು ನೀರು, ಗಂಜಿ, ಸಾರು ಒಳಗೆ ಹೋಗಲಿ, ಮೂತ್ರ ತಡೆದಿಟ್ಟುಕೊಳ್ಳಬೇಡ. ಕುದಿಸಿದ ನೀರೇ ಬೇಕು, ಈ ತಿಂಗಳಲ್ಲಿ ಬಾವಿ ನೀರು ರಾಡಿಯಾಗಿರುತ್ತದೆ. 48 ಗಂಟೆ ನಿನ್ನ ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಕಕ್ಕಸಿಗೆ ಎರಡು ಸಲ ನೀರು ಹಾಕು, ಬಕೆಟ್ ತೊಳೆಯುವವರು ಯಾರೇ ಆದರೂ ಗ್ಲೌಸ್ ಹಾಕಿಕೊಳ್ಳಲಿ.

ಬಿಳಿ ಕಣದ ಕೌಂಟ್ ಏರಿಸುವ ಇಂಜೆಕ್ಷನ್ ಬರೆದುಕೊಟ್ಟರೆ ಒಂದು ಮಾತು. ಅದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಹಾಕಬೇಕು, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಮೈಸೂರಿನಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್ ಹೊತ್ತು ತಂದು, ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಮನೆಯ ಫ್ರಿಜ್ಜಿನಲ್ಲಿ ಇಡುವ ಬದಲು, ಸೋಮವಾರ ರಾತ್ರಿ ಮೈಸೂರಿನಲ್ಲೇ ಉಳಿದು ಮಂಗಳವಾರ ಅಲ್ಲೇ ಹಾಕಿಸಿಕೊಂಡು ಬಾ. ಸೊಂಟ, ತೊಡೆ ಮೂಳೆ ನೋಯುತ್ತದೆ. ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು.

ವಾಂತಿ ಮಾತ್ರೆ ವಾಂತಿ ಬಂದ ಮೇಲೆ ನುಂಗುವುದಲ್ಲ. ಮೊದಲ ಮೂರು ದಿನ ಬರೆದ ಹೊತ್ತಿಗೆ, ಹೊಟ್ಟೆ ಸರಿಯಿದ್ದರೂ ತಗೋ. ಒಂಡಾನ್ಸೆಟ್ರಾನ್ ಎಂಬ ವಾಂತಿ ಮಾತ್ರೆ ಮಲ ಕಟ್ಟಿಸುತ್ತದೆ, ಎರಡನೇ ದಿನವೂ ಹೋಗದಿದ್ದರೆ ಕೇಳಿ ಔಷಧಿ ಶುರು ಮಾಡು. ಎನಿಮಾ ಮಾತ್ರ ಬೇಡ, ಒಳಗೆ ಗೀರಿದರೆ ಸೋಂಕು. ವಾಂತಿ ತಡೆಯಲೆಂದೇ ಕೊಡುವ ಸ್ಟೀರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ಎರಡು ದಿನ ನಿದ್ದೆ ಕೆಡಿಸಿ ಉತ್ಸಾಹ ಕೊಡುತ್ತದೆ, ನಿಂತ ಕೂಡಲೇ ಮೈ ಮನಸ್ಸು ಎರಡೂ ಕುಸಿಯುತ್ತವೆ. ಆ ದಿನ ಸಂಜೆ ಅಳು ಬಂದರೆ ಮಾತ್ರೆ ಬಿಟ್ಟದ್ದೂ ಒಂದು ಕಾರಣ ಎಂದು ನೆನಪಿಟ್ಟುಕೋ, ನನಗೆ ಫೋನ್ ಮಾಡು.

ಎರಡನೇ ಕೀಮೋಗೆ ಹೊರಡುವ ಮೊದಲು ಶನಿವಾರ ಬೆಳಿಗ್ಗೆಯೇ ಇಲ್ಲಿ ರಕ್ತ ಕೊಟ್ಟು ರಿಪೋರ್ಟನ್ನು ಡಾಕ್ಟರಿಗೆ ವಾಟ್ಸಾಪ್ ಮಾಡು. ಕೌಂಟ್ ಸಾಲದು ಎಂದು ಅಲ್ಲಿಂದ ವಾಪಸ್ ಕಳಿಸಿಕೊಳ್ಳುವ ಸುಸ್ತು ತಪ್ಪುತ್ತದೆ. ನೀನೂ ಲೆಕ್ಕ ಕಲಿ: ಬಿಳಿ ಕಣದ ಟೋಟಲ್ ಕೌಂಟ್ 3200, ಅದರಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ 40 ಶೇಕಡಾ ಅಂತಿದ್ದರೆ 3200ರಲ್ಲಿ ನೂರಕ್ಕೆ ನಲವತ್ತು, ಅಂದರೆ 1280. ಸಾಮಾನ್ಯವಾಗಿ 1500 ಇದ್ದರೆ ಮುಂದಿನ ಕೀಮೋ ಧೈರ್ಯವಾಗಿ ಕೊಡುತ್ತಾರೆ, 1000ದ ಮೇಲಿದ್ದರೆ ಡಾಕ್ಟರ್ ಯೋಚಿಸಿ ಹೇಳುತ್ತಾರೆ. 500ಕ್ಕಿಂತ ಕೆಳಗಿದ್ದರೆ ಮನೆಯಿಂದ ಹೊರಗೆ ಕಾಲಿಡಬೇಡ. ಪ್ಲೇಟ್ಲೆಟ್ ಒಂದು ಲಕ್ಷ ಇರಬೇಕು.

ತೋಟಕ್ಕೆ ಇಳಿಯಬೇಡ. ಜಿಗಣೆ ಕಚ್ಚಿದರೆ ರಕ್ತ ಹೆಪ್ಪುಗಟ್ಟದಂತೆ ತನ್ನ ಎಂಜಲು ಬಿಟ್ಟು ಹೋಗುತ್ತದೆ. ಪ್ಲೇಟ್ಲೆಟ್ ಕಡಿಮೆ ಇರುವಾಗ ಆ ಸಣ್ಣ ತೂತು ಗಂಟೆಗಟ್ಟಲೆ ಸುರಿಯುತ್ತದೆ, ಕೆರೆದರೆ ಸೋಂಕು. ಅಕಸ್ಮಾತ್ ಕಚ್ಚಿತೆಂದರೆ ಎಳೆಯಬೇಡ, ಉಗುರಿನಿಂದ ಬಾಯಿಯ ಹತ್ತಿರ ಸರಿಸಿ ಬಿಡಿಸು, ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಒತ್ತಿ 15 ನಿಮಿಷ ಹಿಡಿ, ನಡುನಡುವೆ ತೆಗೆದು ನೋಡಬೇಡ. ಗೊಬ್ಬರ, ಕೊಳೆತ ಎಲೆ, ಬೂಸ್ಟು ಹಿಡಿದ ಗೋಡೆ, ಯಾವುದನ್ನೂ ನೀನು ಕೆದಕುವುದು ಬೇಡ. ಆಪರೇಷನ್ ಆದ ಕಡೆಯ ಕೈಗೆ ಮುಳ್ಳು, ಗೀರು ತಾಗದಂತೆ ಜೋಪಾನ.

ಊಟದಲ್ಲಿ ನಿಯಮ ಕಡಿಮೆ: ಬೆಂದಿರಬೇಕು, ಬಿಸಿಯಿರಬೇಕು, ಅವತ್ತಿನದೇ ಆಗಿರಬೇಕು. ವಾಸನೆಗೆ ಓಕರಿಕೆ ಬರುವ ದಿನ ಮಾತ್ರ ಗಂಜಿಯನ್ನು ಸ್ವಲ್ಪ ಆರಿಸಿ ಕುಡಿ, ಆರಿದ್ದು ಮೂಗಿಗೆ ಅಷ್ಟು ಹೊಡೆಯುವುದಿಲ್ಲ. ನೂಲ್‌ಪುಟ್ಟು, ತೆಳ್ಳಗಿನ ಬೇಳೆ ಸಾರು, ಗಟ್ಟಿ ಬೆಂದ ಮೊಟ್ಟೆ. ಕಾಡಿನಿಂದ ತಂದ ಅಣಬೆ, ನೆನೆಹಾಕಿ ಹುಳಿ ಬರಿಸಿದ ಕಣಿಲೆ (ಎಳೆ ಬಿದಿರು), ಮನೆ ವೈನ್ ಈ ವರ್ಷ ಬೇಡ. ಬಾಯೆಲ್ಲ ಕಬ್ಬಿಣದ ರುಚಿ ಆದಾಗ ನಮ್ಮ ಕಪ್ಪು ಹುಳಿರಸ ಕಾಚಂಪುಳಿಯ ಒಂದು ಹನಿ ಸಾರಿಗೆ ಜೀವ ಕೊಡುತ್ತದೆ, ಆದರೆ ಬಾಯಿ ಹುಣ್ಣಾದ ದಿನ ಅದೂ ಮೆಣಸೂ ಬೆಂಕಿ. ಹುಣ್ಣಾಗುವ ಮೊದಲೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ ಬೆರೆಸಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸು. ಚಹಾ ಚಮಚ, ಅಂಚಿಗೆ ಸಮವಾಗಿ. ಪ್ರತಿದಿನ ಹೊಸದು ಮಾಡು.

ಕಕ್ಕಡ 18, ನಮ್ಮ ಕೊಡವ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ ಬರುತ್ತದೆ, ಕೆಂಪು ವಾರದ ಮೊದಲ ದಿನವೇ. ಮದ್ದು ಸೊಪ್ಪಿನ ಪಾಯಸ ಕಳಿಸುತ್ತಾರೆ. ಈ ಸಲ ಕೈಮುಗಿದು ಬೇಡ ಅನ್ನು. ಅದು ಮೂತ್ರಕ್ಕೆ ಬಣ್ಣ ಕೊಡುತ್ತದೆ, ನಿಜವಾದ ರಕ್ತ ಬಂದರೆ ಗುರುತು ಸಿಗುವುದಿಲ್ಲ. ಬೇರೆ ಯಾವ ಬೇರು, ಕಷಾಯ ಯಾರು ತಂದರೂ ಡಾಕ್ಟರನ್ನು ಕೇಳದೆ ಬೇಡ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲು ಮುಹೂರ್ತ ಹಬ್ಬದ ಹೊತ್ತಿಗೆ ಕೌಂಟ್ ಏರಿರುತ್ತದೆ, ಆಗ ಚೆನ್ನಾಗಿ ಬೆಂದ ಪಂದಿ ಕರಿ ತಿನ್ನು.

“ಏನಾದರೂ ಬೇಕಾ” ಎಂದು ಕೇಳಿದವರಿಗೆ “ಏನೂ ಬೇಡ” ಅನ್ನಬೇಡ. ಒಬ್ಬರಿಗೆ ಔಷಧಿ ಅಂಗಡಿ, ಒಬ್ಬರಿಗೆ ಒಣ ಸೌದೆ, ಒಬ್ಬರಿಗೆ ಮೂರನೇ ದಿನ ರಾತ್ರಿ ಬಂದು ಮಲಗುವುದು ಎಂದು ಹೆಸರು ಹಿಡಿದು ಕೊಡು. ನೆಗಡಿ ಇದ್ದವರನ್ನು ಮಾತ್ರ ಜಗಲಿಯಿಂದಲೇ ಕಳಿಸು.

ಈ ನಾಲ್ಕು ಮುಗಿದು ಸೆಪ್ಟೆಂಬರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಶುರುವಾದರೆ ಬೆರಳು, ಪಾದ ಜೋಮು ಹಿಡಿಯುತ್ತವೆ. ಹಂಡೆಯ ನೀರಿನ ಬಿಸಿ ಬೆರಳಿಗೆ ತಿಳಿಯುವುದಿಲ್ಲ, ಮೊಣಕೈ ಅದ್ದಿ ನೋಡು. ಒಲೆಯ ಮುಂದೆ ಕಾಲು ಚಾಚಿ ಕೂರಬೇಡ. ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ ಎಂದಾದರೆ ಡಾಕ್ಟರಿಗೆ ಹೇಳಲೇಬೇಕು, ಡೋಸ್ ಇಳಿಸುತ್ತಾರೆ.

ರೇಡಿಯೇಶನ್ ಬಹುಶಃ ಕಾಫಿ ಕೊಯ್ಲಿನ ಹೊತ್ತಿಗೆ ಬರುತ್ತದೆ. ಸೋಮವಾರದಿಂದ ಶುಕ್ರವಾರ, ಮೂರು ವಾರಕ್ಕೆ 15 ಸಲ ಅಥವಾ ಐದು ವಾರಕ್ಕೆ 25 ಸಲ. ಒಂದು ಸಲಕ್ಕೆ ಕಾಲು ಗಂಟೆ ಸಾಕು, ಅದಕ್ಕಾಗಿ ದಿನಾ ಓಡಾಡಲು ಸಾಧ್ಯವಿಲ್ಲ. ಮೈಸೂರಿನಲ್ಲಿ ಆಸ್ಪತ್ರೆಯ ಹತ್ತಿರ ನೆಲಮಹಡಿಯ ರೂಮು ಈಗಲೇ ಕೇಳಿಡು. ಮೈಮೇಲೆ ಹಾಕಿದ ಗುರುತು ಉಜ್ಜಬೇಡ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಒತ್ತಿ ಒರೆಸುವುದು, ಸಡಿಲ ಹತ್ತಿ ಬಟ್ಟೆ. ಅರಿಶಿನ, ಕೊಬ್ಬರಿ ಎಣ್ಣೆ, ಬಿಸಿ ನೀರಿನ ಚೀಲ ಆ ಜಾಗಕ್ಕೆ ತಾಗಿಸಬೇಡ, ಅವರು ಹೇಳಿದ ಕ್ರೀಮ್ ಸಾಕು. ಎಡಗಡೆ ಎದೆಯಾದ್ದರಿಂದ ಉಸಿರು ಬಿಗಿಹಿಡಿಯಲು ಹೇಳಬಹುದು, ಹೃದಯ ಕಿರಣದಿಂದ ದೂರ ಸರಿಯುತ್ತದೆ. ಮನೆಯಲ್ಲಿ 20 ಸೆಕೆಂಡ್ ಹಿಡಿದು ಅಭ್ಯಾಸ ಮಾಡಿಕೋ. ಚರ್ಮ ಅತಿ ಹೆಚ್ಚು ಸುಡುವುದು ಎಲ್ಲ ಮುಗಿದು ಒಂದೆರಡು ವಾರಕ್ಕೆ, ಅಷ್ಟರಲ್ಲಿ ನೀನು ಮನೆಗೆ ಬಂದಿರುತ್ತೀಯ, ಗಾಬರಿಯಾಗಬೇಡ. ಹೊರಗಿನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ತಮ್ಮನ ಮಗುವನ್ನು ಅವತ್ತೇ ಎತ್ತಿಕೊಳ್ಳಬಹುದು.

ಶುಕ್ರವಾರದ ಬಸ್ಸಿನಲ್ಲಿ ಎರಡು ಥರ್ಮಾಮೀಟರ್ ಕಳಿಸುತ್ತಿದ್ದೇನೆ. ಒಂದು ಹಾಸಿಗೆಯ ಪಕ್ಕ, ಒಂದು ಆಸ್ಪತ್ರೆಯ ಚೀಲದಲ್ಲಿ. ಬಂದ ಕೂಡಲೇ ಎರಡನ್ನೂ ಒಂದರ ಹಿಂದೆ ಒಂದು ಇಟ್ಟು ನೋಡು, ಅಂಕಿ ಹೊಂದುತ್ತದೆಯೋ ಇಲ್ಲವೋ ನನಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ