ಹರಾಜಿಗೆ ಬಂದ ಆಫ್‌ಸೆಟ್ ಪ್ರಿಂಟ್

ಕಲೋನ್ (ಜರ್ಮನಿ), ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮ ಕೇಳಿದ್ದಕ್ಕೆಲ್ಲ ಫೋನಿನಲ್ಲೇ ಉತ್ತರ ಹೇಳಿದ್ದೇನೆ. ಈ ಪತ್ರ ನಿಮಗೇ, ಯಾಕಂದ್ರೆ ಇದು ಪ್ರಿಂಟಿಂಗ್ ಪ್ರೆಸ್ಸಿನ ವಿಷಯ.

ನಿನ್ನೆ ಇಲ್ಲಿನ ಒಂದು ಹರಾಜು ಕಂಪನಿಗೆ ಹೋಗಿದ್ದೆ. ಹರಾಜಿಗೆ ಮುಂಚೆ ಚಿತ್ರಗಳನ್ನೆಲ್ಲ ಗೋಡೆಗೆ ಹಾಕಿ ಯಾರು ಬಂದರೂ ತೋರಿಸುತ್ತಾರೆ, ಟಿಕೆಟ್ ಇಲ್ಲ. ಅಲ್ಲಿ ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್ ಅವರ ‘ಬೆಟ್ಟಿ’ ಪ್ರಿಂಟ್ ಇತ್ತು. ರಿಕ್ಟರ್ ಹುಟ್ಟಿದ್ದು 1932ರಲ್ಲಿ, ಡ್ರೆಸ್ಡನ್‌ನಲ್ಲಿ. ಬರ್ಲಿನ್ ಗೋಡೆ ಏಳುವ ಮೊದಲೇ, 1961ರಲ್ಲಿ, ಪೂರ್ವ ಜರ್ಮನಿಯಿಂದ ಪಶ್ಚಿಮ ಜರ್ಮನಿಗೆ ಬಂದವರು. ಈಗ ಈ ಊರಿನವರೇ.

ಬೆಟ್ಟಿ ಅವರ ಮಗಳು. ಕೆಂಪು ಹೂವಿನ ಬಿಳಿ ಜಾಕೆಟ್ ಹಾಕಿಕೊಂಡು ಹಿಂದಕ್ಕೆ ಮುಖ ತಿರುಗಿಸಿದ್ದಾಳೆ. ಮುಖ ಕಾಣುವುದೇ ಇಲ್ಲ, ಕೂದಲು ಮಾತ್ರ. ಮೊದಲು ಫೋಟೋ, ಅದನ್ನು ನೋಡಿ 1988ರಲ್ಲಿ ತೈಲಚಿತ್ರ. ಅದು ಅಮೆರಿಕದ ಸೇಂಟ್ ಲೂಯಿಸ್ ಮ್ಯೂಸಿಯಂನಲ್ಲಿದೆ. ಆ ಚಿತ್ರದಿಂದ 1991ರಲ್ಲಿ ಮತ್ತೆ ಪ್ರಿಂಟ್ ಮಾಡಿಸಿದರು, ಹೆಚ್ಚುಕಡಿಮೆ ಮೂಲದಷ್ಟೇ ದೊಡ್ಡದು. ಯಾವ ಪ್ರಿಂಟ್ ಗೊತ್ತಾ ಅಪ್ಪ? ಆಫ್‌ಸೆಟ್! ನೀವು ದಿನವೂ ಮಾಡುವ ಕೆಲಸವೇ. ತೆಳು ರಟ್ಟಿನ ಮೇಲೆ ಅಚ್ಚು ಹಾಕಿ, ಮೇಲೆ ವಾರ್ನಿಶ್ ಹೊಡೆದಿದ್ದಾರೆ. ಪ್ರತಿಗಳು ಬರೀ 25.

ನನ್ನ ಪಕ್ಕದಲ್ಲಿ ನಿಂತವರೊಬ್ಬರು ‘ಇದು ಬರೀ ಪ್ರಿಂಟ್’ ಅಂದರು. ನನಗೆ ಬೇಜಾರಾಯಿತು. ರಿಕ್ಟರ್ 1965ರಿಂದಲೂ ಪ್ರಿಂಟ್ ಮಾಡುತ್ತಾ ಬಂದವರು. ತೈಲಚಿತ್ರ ಒಂದೇ ಇರುತ್ತದೆ, ಪ್ರಿಂಟ್ ಆದರೆ ಜಾಸ್ತಿ ಜನರ ಕೈಗೆ ಹೋಗುತ್ತದೆ ಅನ್ನುವುದು ಅವರ ಆಸೆ. 2015ರಲ್ಲಿ ಲಂಡನ್ನಿನಲ್ಲಿ ಅವರ ಒಂದು ತೈಲಚಿತ್ರ 3 ಕೋಟಿ ಪೌಂಡ್ ದಾಟಿತು. ಅಂಥದ್ದನ್ನು ಯಾರ ಮನೆಯಲ್ಲಿ ಇಡೋದು? ಆದರೆ 25 ಪ್ರತಿಯ ಪ್ರಿಂಟೂ ಈಗ ನಮ್ಮಂಥವರಿಗೆ ಎಟುಕುವುದಿಲ್ಲ. ಸಂಖ್ಯೆ ಕಮ್ಮಿ, ಹೆಸರು ದೊಡ್ಡದು, ಬೆಲೆ ಏರಿತು. ಇದು ನನಗೆ ಸರಿ ಅನಿಸುವುದಿಲ್ಲ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಕಂಪನಿ ತನ್ನ ಕಮಿಷನ್ ಸೇರಿಸುತ್ತದೆ. ಒಂದು ಒಳ್ಳೆಯ ಕಾನೂನೂ ಇದೆ. ಹೀಗೆ ಮರುಮಾರಾಟ ಆದಾಗಲೆಲ್ಲ ಕಲಾವಿದರಿಗೂ ಪಾಲು ಸಿಗಬೇಕು. 50,000 ಯೂರೋವರೆಗೆ ನೂರಕ್ಕೆ 4, ಆಮೇಲೆ ಕಮ್ಮಿ ಆಗುತ್ತಾ ಹೋಗುತ್ತದೆ. ಎಷ್ಟೇ ಬೆಲೆಗೆ ಹೋದರೂ ಆ ಪಾಲು 12,500 ಯೂರೋ ದಾಟುವಂತಿಲ್ಲ.

ಇಲ್ಲಿನ ಕೆಥೆಡ್ರಲ್‌ಗೆ 2007ರಲ್ಲಿ ರಿಕ್ಟರ್ ಮಾಡಿಕೊಟ್ಟ ಗಾಜಿನ ಕಿಟಕಿ ಮಾತ್ರ ಯಾರು ಬೇಕಾದರೂ ನೋಡಬಹುದು. 72 ಬಣ್ಣ, 11,000ಕ್ಕೂ ಜಾಸ್ತಿ ಚೌಕಗಳು. ದುಡ್ಡು ತಗೊಳ್ಳದೆ ಮಾಡಿದ ಕೆಲಸ. ನೀವಿಬ್ಬರೂ ಬಂದಾಗ ಮೊದಲು ಅಲ್ಲಿಗೇ ಹೋಗೋಣ.

ಒಂದು ಪ್ರಶ್ನೆ ಅಪ್ಪ. ‘ಬೆಟ್ಟಿ’ ಪ್ರಿಂಟನ್ನು ಎಷ್ಟು ಹತ್ತಿರ ಹೋಗಿ ನೋಡಿದರೂ ನನಗೆ ಅಚ್ಚಿನ ಚುಕ್ಕಿಗಳು ಕಾಣಲಿಲ್ಲ. ವಾರ್ನಿಶ್ ಹೊಡೆದರೆ ಚುಕ್ಕಿ ಮುಚ್ಚಿಹೋಗುತ್ತದಾ, ಅಥವಾ ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ಸ್ಕ್ರೀನೇ ತುಂಬ ಸಣ್ಣದಿರಬೇಕಾ? ಪ್ರೆಸ್ಸಿನಲ್ಲಿ ಬಿಡುವಾದಾಗ ಬರೆಯಿರಿ.

ಇಂತಿ ನಿಮ್ಮ ಮಗಳು