ಓಬಿ ಇಲ್ಲದ್ದು ಕಂಪ್ಲೀಟ್ ಹೇಗೆ?

ಸಂಪಾದಕರೇ,

ಜಪಾನಿನ ಹಳೆ ವಿಡಿಯೋ ಗೇಮ್ ಕೂಡಿಡುವ ಹುಚ್ಚು ನನಗೆ ಸ್ವಲ್ಪ ಜಾಸ್ತಿನೇ. ಹೋದ ತಿಂಗಳು ಆನ್‌ಲೈನ್‌ನಲ್ಲಿ ಒಬ್ಬರು ‘ಕಂಪ್ಲೀಟ್’, ಅಂದರೆ ಹೊಸದರಲ್ಲಿ ಜೊತೆಗೆ ಬಂದಿದ್ದೆಲ್ಲ ಇದೆ, ಅಂತ ಬರೆದಿದ್ದ ಸೆಗಾ ಸ್ಯಾಟರ್ನ್ ಅನ್ನೋ ಹಳೆ ಗೇಮ್ ಯಂತ್ರದ ಗೇಮ್ ಬಳ್ಳಾರಿಗೆ ತರಿಸಿದೆ. ಡಿಸ್ಕ್ ಇತ್ತು, ಕೈಪಿಡಿ ಇತ್ತು, ಮೂಲೆ ಮಾತ್ರ ಸ್ವಲ್ಪ ಮಡಚಿತ್ತು, ಆದರೆ ಕೇಸಿನ ಬೆನ್ನಿಗೆ ಸುತ್ತುವ ಕಾಗದದ ಪಟ್ಟಿಯೇ ಇರಲಿಲ್ಲ. ಅದಕ್ಕೆ ಓಬಿ ಅಂತಾರೆ. ಎಷ್ಟೋ ಜನ ಆಗ ಅದನ್ನು ಸುಮ್ನೆ ಕಸಕ್ಕೆ ಹಾಕಿದರು, ಅದಕ್ಕೇ ಈಗ ಬೆಲೆ. ಮಾರಿದವರನ್ನು ಕೇಳಿದರೆ, “ಆಟ ನಡೀತೈತಲ್ರೀ” ಅಂದರು. ನಡೆಯುತ್ತದೆ, ಸರಿ. ಹಾಗಾದರೆ ‘ಕಂಪ್ಲೀಟ್’ ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡಿದ್ದು ಯಾಕೆ? ಮಾರುವವರು ಡಬ್ಬಿಯಲ್ಲಿ ಏನೇನಿದೆ ಅಂತ ಒಂದೊಂದೇ ಬರೆದು ಫೋಟೋ ಹಾಕಬಹುದಲ್ವಾ?

– ಒಬ್ಬ ಓದುಗ, ಬಳ್ಳಾರಿ