ವಿಲೀನ ಮಾಡುವುದಾದರೆ ಪರೀಕ್ಷಾ ವಿಭಾಗಗಳನ್ನು ಮಾಡಿ, ಕೊಡಗು ವಿ.ವಿ.ಯನ್ನಲ್ಲ

ಮಾನ್ಯ ಸಂಪಾದಕರೆ,

ಕೊಡಗು ವಿಶ್ವವಿದ್ಯಾಲಯ ಉಳಿಯಬೇಕೋ, ಮತ್ತೆ ಮಂಗಳೂರು ವಿ.ವಿ.ಯೊಳಗೆ ಸೇರಬೇಕೋ ಎಂಬ ಚರ್ಚೆಗೆ ಕಾವು ಬಂದದ್ದು 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಕೊಡಗು ಸೇರಿ 9 ಹೊಸ ವಿ.ವಿ.ಗಳನ್ನು ಮುಚ್ಚಲು ಶಿಫಾರಸು ಮಾಡಿದಾಗ. ಉಳಿಸಿ ಎನ್ನುವವರು ಜಿಲ್ಲೆಯ ಮಾನದ ಮಾತಾಡುತ್ತಾರೆ, ಮುಚ್ಚಿ ಎನ್ನುವವರು ವಿದ್ಯಾರ್ಥಿಗಳ ತಲೆ ಎಣಿಸುತ್ತಾರೆ. ಒಂದು ವಿ.ವಿ. ದಿನಾ ಮಾಡುವ ಕೆಲಸಗಳಲ್ಲಿ ಯಾವುದಕ್ಕೆ ದುಡ್ಡು ಹೆಚ್ಚು ಬೀಳುತ್ತದೆ, ಯಾವುದು ಜಿಲ್ಲೆಯಲ್ಲೇ ಆಗಬೇಕು, ಯಾವುದು ಎಲ್ಲಿ ಆದರೂ ನಡೆದೀತು ಎಂದು ಬಿಡಿಸಿ ನೋಡಿದವರು ಕಡಿಮೆ. ಪದವಿ ತರಗತಿಗಳ ಪಾಠ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿ, ಮೌಲ್ಯಮಾಪನ ಈ ಮೂರನ್ನೂ ಬಲ್ಲ ಅಧ್ಯಾಪಕರಾಗಿ ನಾವು ಈ ಪತ್ರ ಬರೆಯುತ್ತಿದ್ದೇವೆ.

ಕೊಡಗಿನ ಕಾಲೇಜುಗಳು ಮೊದಲು ಮೈಸೂರು ವಿ.ವಿ.ಗೆ ಸೇರಿದ್ದವು, 1980ರಲ್ಲಿ ಮಂಗಳೂರು ವಿ.ವಿ. ಆದ ಮೇಲೆ ಅದಕ್ಕೆ. ಚಿಕ್ಕ ಅಳುವಾರದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರವೂ ಆಗ ಮಂಗಳೂರಿನದೇ. 2022ರ ತಿದ್ದುಪಡಿ ಕಾಯ್ದೆಯ ಮೂಲಕ ಏಳು ಹೊಸ ವಿ.ವಿ.ಗಳು ಹುಟ್ಟಿದಾಗ ಅದೇ ಆವರಣ ಕೊಡಗು ವಿ.ವಿ.ಯ ಕೇಂದ್ರವಾಯಿತು. ಒಂದು ವಿಷಯ ಇಲ್ಲಿ ಗಮನಿಸಬೇಕು: ಜಿಲ್ಲೆಯಲ್ಲಿರುವ ಉನ್ನತ ಶಿಕ್ಷಣವೆಲ್ಲ ಈ ವಿ.ವಿ.ಯ ಕೈಗೆ ಬಂದಿಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿ.ವಿ.ಯದು, ಮಡಿಕೇರಿಯ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿ.ವಿ.ಯದು, ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. (ವಿಟಿಯು) ಪಾಲಿನವು. ಉಳಿದದ್ದು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಇಡಿ. ಮತ್ತು ಕೆಲವು ಸ್ನಾತಕೋತ್ತರ ವಿಭಾಗಗಳು. ಶುಲ್ಕ ಕಡಿಮೆ, ವಿದ್ಯಾರ್ಥಿಗಳಲ್ಲಿ ಬಹುಪಾಲು ಸರ್ಕಾರಿ ಮತ್ತು ಅನುದಾನಿತ ಕಾಲೇಜಿನವರು. 2011ರ ಜನಗಣತಿಯಲ್ಲಿ 5,54,519 ಜನರಿದ್ದ ಜಿಲ್ಲೆ ಇದು. ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕದಿಂದಲೇ ವಿ.ವಿ. ತನ್ನ ಖರ್ಚು ತೂಗಿಸಿಕೊಳ್ಳಲಿ ಎಂದರೆ ಅದು ಮೊದಲ ದಿನವೇ ಸೋತ ಲೆಕ್ಕ.

ಖರ್ಚು ಎಲ್ಲಿ ಹೋಗುತ್ತದೆ ನೋಡಿ. ಒಂದು ವಿಷಯದಲ್ಲಿ 18 ವಿದ್ಯಾರ್ಥಿಗಳಿದ್ದಾರೆ, ಸೆಮಿಸ್ಟರಿಗೆ 6 ಪತ್ರಿಕೆ ಎಂದುಕೊಳ್ಳೋಣ. ಪತ್ರಿಕೆಗೆ ಎರಡು ಸೆಟ್ ಎಂದರೆ 12 ಪ್ರಶ್ನೆಪತ್ರಿಕೆಗಳನ್ನು ಬರೆಸಬೇಕು. ಅವನ್ನು ಪರೀಕ್ಷಾ ಮಂಡಳಿ ಕೂತು ಪರಿಶೀಲಿಸಬೇಕು, ಗೌಪ್ಯವಾಗಿ ಅಚ್ಚು ಹಾಕಿಸಬೇಕು, ಮೊಹರು ಮಾಡಿ ಕೇಂದ್ರಗಳಿಗೆ ತಲುಪಿಸಬೇಕು. ಬರೆದ ಉತ್ತರಪತ್ರಿಕೆಗಳು ವಾಪಸು ಬಂದ ಮೇಲೆ ನೋಂದಣಿ ಸಂಖ್ಯೆ ಮರೆಮಾಡಿ ಕೋಡ್ ಹಾಕುವುದು, ಮೌಲ್ಯಮಾಪನ, ಇಬ್ಬರು ನೋಡುವ ಪತ್ರಿಕೆಯಾದರೆ ಅಂಕಗಳ ಅಂತರ ಮಿತಿ ಮೀರಿದಾಗ ಮೂರನೆಯವರಿಗೆ ಕೊಡುವುದು, ಡಿಕೋಡ್ ಮಾಡುವುದು, ಅಂಕ ಏರಿಸುವುದು, ಫಲಿತಾಂಶ, ಮರುಮೌಲ್ಯಮಾಪನದ ಅರ್ಜಿಗಳು. 18 ಜನರಿಗೆ ಎಷ್ಟು ಹೆಜ್ಜೆಗಳೋ 1,800 ಜನರಿಗೂ ಅಷ್ಟೇ. ಕೊನೆಯ ಕೆಲವು ಹೆಜ್ಜೆಗಳು ಬಿಟ್ಟರೆ ಉಳಿದ ಖರ್ಚು ತಲೆಯೆಣಿಕೆಗೆ ತಕ್ಕಂತೆ ಇಳಿಯುವುದಿಲ್ಲ. ಸಣ್ಣ ವಿ.ವಿ.ಗಳ ಬೆನ್ನು ಬಾಗುವುದು ಇಲ್ಲಿ.

ದುಡ್ಡಿಗಿಂತ ಗಂಭೀರವಾದದ್ದು ಇನ್ನೊಂದಿದೆ, ಅದನ್ನು ಮುಚ್ಚಿಡಬಾರದು. ಜಿಲ್ಲೆಯಲ್ಲಿ ಪತ್ರಿಕೋದ್ಯಮ, ಸೂಕ್ಷ್ಮಜೀವಿಶಾಸ್ತ್ರ, ಹಿಂದಿಯಂಥ ವಿಷಯ ಕಲಿಸುವವರು ಬೆರಳೆಣಿಕೆಯಷ್ಟು. ಪಠ್ಯಕ್ರಮ ಮಾಡಿದವರೇ ಪಾಠ ಹೇಳುತ್ತಾರೆ, ಅವರೇ ಪ್ರಶ್ನೆ ತೆಗೆಯುತ್ತಾರೆ, ತಿರುಗಿ ಅವರೇ ಪೇಪರ್ ತಿದ್ದುತ್ತಾರೆ. ಕೋಡ್ ಹಾಕಿದರೂ ಕೈಬರಹ ನೋಡಿದೊಡನೆ ಯಾರದೆಂದು ತಿಳಿದುಬಿಡುತ್ತದೆ. ಅಧ್ಯಾಪಕರು ಎಷ್ಟೇ ಪ್ರಾಮಾಣಿಕರಾಗಿರಲಿ, ಹೊರಗಿನ ಕಣ್ಣು ಬೀಳದ ಅಂಕಪಟ್ಟಿಗೆ ಬೆಲೆ ಇಳಿಯುತ್ತದೆ, ಅದರ ಏಟು ಬೀಳುವುದು ಮುಂದೆ ಬೇರೆ ವಿ.ವಿ.ಯಲ್ಲಿ ಸೀಟು ಕೇಳಲು ಹೋಗುವ ಮಕ್ಕಳಿಗೆ.

ಈ ಎರಡು ತೊಂದರೆಗೂ ಮದ್ದು ಒಂದೇ. ಪ್ರಶ್ನೆಪತ್ರಿಕೆಗಳ ಭಂಡಾರ, ಗೌಪ್ಯ ಮುದ್ರಣ, ಉತ್ತರಪತ್ರಿಕೆಗಳ ಸ್ಕ್ಯಾನಿಂಗ್, ಪರದೆಯ ಮೇಲಿನ ಮೌಲ್ಯಮಾಪನ ಇಷ್ಟನ್ನು ಕೊಡಗು, ಹಾಸನ, ಚಾಮರಾಜನಗರದಂಥ ಸಣ್ಣ ವಿ.ವಿ.ಗಳು ಮತ್ತು ಪಕ್ಕದ ಹಳೆಯ ವಿ.ವಿ.ಗಳು ಸೇರಿ ಒಂದೇ ಕಡೆ ನಡೆಸಲಿ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಕ್ಕೆ ಯುಯುಸಿಎಂಎಸ್ ತಂತ್ರಾಂಶವನ್ನು ರಾಜ್ಯದ ವಿ.ವಿ.ಗಳು ಈಗಾಗಲೇ ಒಟ್ಟಿಗೆ ಬಳಸುತ್ತಿವೆ, ಹಾಗಾಗಿ ಇದು ಹೊಸ ದಾರಿಯೇನಲ್ಲ. ಸ್ಕ್ಯಾನ್ ಆದ ಮೇಲೆ ಹಾಸನದ ಮಕ್ಕಳ ಉತ್ತರಪತ್ರಿಕೆಯನ್ನು ಸೋಮವಾರಪೇಟೆಯ ಅಧ್ಯಾಪಕರು, ವಿರಾಜಪೇಟೆಯ ಮಕ್ಕಳದನ್ನು ಹಾಸನದವರು ತಿದ್ದಬಹುದು. ಮೌಲ್ಯಮಾಪನ ಶಿಬಿರಕ್ಕೆ ಹೋಗಿ ಬರುವ ಭತ್ಯೆಯೂ ಉಳಿಯುತ್ತದೆ. ಎಚ್ಚರ ಬೇಕಾದ್ದು ಎರಡು ಕಡೆ. ಸ್ಕ್ಯಾನ್ ಮಾಡುವಾಗ ಹೆಚ್ಚುವರಿ ಹಾಳೆ ಬಿಟ್ಟುಹೋದರೆ ವಿದ್ಯಾರ್ಥಿಯ ಅಂಕವೇ ಹೋದಂತೆ, ಆದ್ದರಿಂದ ಪುಟಗಳ ಸಂಖ್ಯೆಯನ್ನು ಕೊಠಡಿ ಮೇಲ್ವಿಚಾರಕರೇ ಬರೆದು ಸಹಿ ಹಾಕಬೇಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಕೈಕೊಡುವ ಊರುಗಳಿಗೆ ಪ್ರಶ್ನೆಪತ್ರಿಕೆ ಆನ್‌ಲೈನಿನಲ್ಲಿ ಬರುತ್ತದೆಂದು ನಂಬಿ ಕೂರಬಾರದು. ಮೊಹರಾದ ಲಕೋಟೆಯೊಂದು ತಾಲ್ಲೂಕು ಖಜಾನೆಯಲ್ಲಿ ಇರಲೇಬೇಕು.

ಹೀಗೆ ಯಂತ್ರದ ಭಾಗ ಹಂಚಿಕೊಂಡರೆ ಜಿಲ್ಲೆಯಲ್ಲಿ ಉಳಿಯಬೇಕಾದ್ದು ತೀರ್ಮಾನ ಮಾಡುವ ಅಧಿಕಾರ. ಅದು ಇರುವುದು ಸಿಂಡಿಕೇಟ್ (ವಿ.ವಿ.ಯ ಆಡಳಿತ ಮಂಡಳಿ), ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ, ಅಧ್ಯಯನ ಮಂಡಳಿಗಳಲ್ಲಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಇವಕ್ಕೆ ಸಾಕಷ್ಟು ಬಲ ಕೊಟ್ಟಿದೆ. ಆದರೆ ಸರ್ಕಾರ ಬದಲಾದಾಗ ನಾಮನಿರ್ದೇಶಿತ ಸದಸ್ಯರ ಜಾಗ ಖಾಲಿ ಬೀಳುವುದು, ಕುಲಪತಿಯ ಅವಧಿ ಮುಗಿದರೆ ತಿಂಗಳುಗಟ್ಟಲೆ ಪ್ರಭಾರದಲ್ಲೇ ದಿನ ದೂಡುವುದು ರಾಜ್ಯದಲ್ಲಿ ಹೊಸದಲ್ಲ. ಸಭೆ ಸೇರದಿದ್ದರೆ ಕಡತ ನಿಲ್ಲುವುದಿಲ್ಲ, ಅಡ್ಡದಾರಿ ಹಿಡಿಯುತ್ತದೆ: ಕುಲಪತಿ ತುರ್ತು ಅಧಿಕಾರದಲ್ಲಿ ಸಹಿ ಹಾಕುತ್ತಾರೆ, ಮುಂದೆಂದೋ ನಡೆಯುವ ಸಭೆ ಘಟನೋತ್ತರ ಮಂಜೂರಾತಿ ಕೊಡುತ್ತದೆ. ಒಂದೆರಡು ಸಲ ಇದು ಅನಿವಾರ್ಯ. ಇದೇ ರೂಢಿಯಾದರೆ ಸಿಂಡಿಕೇಟ್ ಬರೀ ಮೊಹರು ಒತ್ತುವ ಜಾಗವಾಗುತ್ತದೆ. ನಮ್ಮ ಬೇಡಿಕೆ ಸರಳ: ವರ್ಷಕ್ಕೆ ಎಷ್ಟು ಸಭೆ, ಯಾವ ದಿನ ಎಂದು ಜೂನ್‌ನಲ್ಲೇ ಪ್ರಕಟಿಸಿ. ನಡಾವಳಿಯನ್ನು 15 ದಿನದೊಳಗೆ ಕನ್ನಡದಲ್ಲಿ ಜಾಲತಾಣಕ್ಕೆ ಹಾಕಿ. ಘಟನೋತ್ತರ ಮಂಜೂರಾತಿ ಪಡೆದವುಗಳ ಪಟ್ಟಿಯನ್ನು ಅದರಲ್ಲೇ ಬೇರೆಯಾಗಿ ತೋರಿಸಿ.

ಕಾಯಂ ಹುದ್ದೆ ಇಲ್ಲದೆ ಮಾತ್ರ ಯಾವುದೂ ನಿಲ್ಲದು. ಅತಿಥಿ ಉಪನ್ಯಾಸಕರು ಪಾಠ ಚೆನ್ನಾಗಿಯೇ ಮಾಡುತ್ತಾರೆ, ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಂತೆ ಸಂಶೋಧನಾ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರೇ ಬೇಕು. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅಂದರೆ ಹುದ್ದೆ ಖಾಲಿ ಇಟ್ಟರೆ ಸಂಶೋಧನೆ ಇಲ್ಲ. ಸಂಶೋಧನೆ ಇಲ್ಲದಿದ್ದರೆ ಯೋಜನೆಗಳ ಹಣ ಬರುವುದಿಲ್ಲ, ವಿ.ವಿ.ಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಅಂಕವೂ ಏಳುವುದಿಲ್ಲ. ಆಮೇಲೆ ಬಂದು ‘ಈ ವಿ.ವಿ. ಏನು ಸಾಧಿಸಿತು?’ ಎಂದು ಕೇಳುವುದು ನ್ಯಾಯವಲ್ಲ. ಎಲ್ಲ ವಿಭಾಗಗಳಿಗೂ ಒಮ್ಮೆಗೇ ಹುದ್ದೆ ತುಂಬಿ ಎಂದು ನಾವು ಕೇಳುತ್ತಿಲ್ಲ. ಮೂರೋ ನಾಲ್ಕೋ ವಿಭಾಗ ಆರಿಸಿ, ತಲಾ ಒಬ್ಬ ಪ್ರಾಧ್ಯಾಪಕ, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರ ಹಳೆಯ ಮಾದರಿಯಲ್ಲಿ ಪೂರ್ತಿ ತುಂಬಿ. ಹತ್ತು ವಿಭಾಗಕ್ಕೆ ಒಬ್ಬೊಬ್ಬರಂತೆ ಹಂಚಿದರೆ ಹತ್ತೂ ಸೊರಗುತ್ತವೆ.

ಯಾವ ವಿಭಾಗಗಳು? ಕಾಫಿ ಗಿಡದ ಕೃಷಿಗೆ ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಏಲಕ್ಕಿಗೆ ಅಪ್ಪಂಗಳದ ಸಂಶೋಧನಾ ಕೇಂದ್ರವಿದೆ. ಕಾಫಿ ಗಿಡ ಕೊರೆಯುವ ಬೋರರ್ ಹುಳುವಿಗೆ ಮದ್ದು ಹುಡುಕುವುದು ಅವರ ಕೆಲಸ, ವಿ.ವಿ. ಅದನ್ನು ಮತ್ತೊಮ್ಮೆ ಮಾಡಬೇಕಿಲ್ಲ. ಯಾರೂ ಕೈಹಾಕದ ಕೆಲಸಗಳು ಬೇರೆ ಇವೆ. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳ ಓದು, ಯರವ ಮತ್ತು ಜೇನುಕುರುಬರ ಮಾತುಗಳ ದಾಖಲೆ, ಕೊಡವ ತಕ್ಕ್ ಮತ್ತು ಅರೆಭಾಷೆಯ ಕಲಿಕೆಯ ಸಾಮಗ್ರಿ. ಇವೆಲ್ಲಕ್ಕೂ ಮೊದಲು ಮಳೆ.

ಕೊಡಗಿನ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಇಡುತ್ತಾರೆ. ಬೆಳಿಗ್ಗೆ ಮಾಪಕ ಎತ್ತಿ, ಇಂಚು–ಸೆಂಟಿನಲ್ಲಿ ಬರೆಯುತ್ತಾರೆ. 100 ಸೆಂಟು ಒಂದು ಇಂಚು, ಅಂದರೆ 25.4 ಮಿ.ಮೀ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದು ಫಸಲಿನ ಲೆಕ್ಕಕ್ಕೆ ಬೇಕಾದ ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿದ ಮೇಲೆ ಅದೇ ಪುಸ್ತಕಗಳಿಗೆ ಇನ್ನೊಂದು ಬೆಲೆ ಬಂದಿದೆ: ಎಷ್ಟು ದಿನ ಬಿಡದೆ ಎಷ್ಟು ಇಂಚು ಸುರಿದರೆ ಯಾವ ಇಳಿಜಾರು ನೀರು ತಾಳದು ಎಂದು ತಿಳಿಯಲು ಹೋಬಳಿಗೊಂದು ಮಾಪಕದ ಅಂಕಿ ಸಾಲದು. ಎರಡು ಮೈಲಿಗೆ ಮಳೆ ಬದಲಾಗುವ ಸೀಮೆ ಇದು.

ಒಂದು ತೋಟದ 40 ವರ್ಷದ ಪುಸ್ತಕದಲ್ಲಿ 14,600ಕ್ಕೂ ಹೆಚ್ಚು ನಮೂದುಗಳಿರುತ್ತವೆ. ಗಂಟೆಗೆ 300 ಏರಿಸಿದರೆ ಒಬ್ಬ ವಿದ್ಯಾರ್ಥಿಗೆ 50 ಗಂಟೆಯ ಕೆಲಸ. ಇಬ್ಬರು ಬೇರೆಬೇರೆಯಾಗಿ ಏರಿಸಿ, ಹೊಂದದ ಕಡೆ ಮೂಲ ಪುಟ ತೆಗೆದು ನೋಡಬೇಕು. ತಪ್ಪು ನುಸುಳುವ ಜಾಗಗಳು ಗೊತ್ತಿರುವಂಥವೇ. ಬೆಳಿಗ್ಗೆ ಅಳೆದ ಮಳೆಯನ್ನು ಕೆಲವರು ಆ ದಿನದ ತಾರೀಖಿಗೆ, ಕೆಲವರು ಹಿಂದಿನ ದಿನಕ್ಕೆ ಬರೆಯುತ್ತಾರೆ. ಎರಡು ತೋಟ ಹೋಲಿಸುವ ಮೊದಲು ಇದನ್ನು ಬರೆದವರನ್ನೇ ಕೇಳಿ ತಿಳಿಯಬೇಕು. ದೊಡ್ಡ ಮಳೆಯ ರಾತ್ರಿ ಮಾಪಕ ತುಂಬಿ ಹರಿದಿರುತ್ತದೆ, ಆ ನಮೂದು ನಿಜಕ್ಕಿಂತ ಕಡಿಮೆ. ಮಾಪಕದ ಪಕ್ಕದ ಸಿಲ್ವರ್ ಮರ ಬೆಳೆದು ನೆರಳು ಕವಿದ ವರ್ಷದಿಂದ ಅಂಕಿ ಇಳಿಯುತ್ತಾ ಹೋಗಿ, ಮಳೆಯೇ ಕಡಿಮೆಯಾದಂತೆ ಕಾಣುತ್ತದೆ. ಪುಸ್ತಕದಲ್ಲಿ ಖಾಲಿ ಬಿಟ್ಟ ಚೌಕ ಮಳೆಯಿಲ್ಲದ ದಿನವೋ, ಬರೆಯದ ದಿನವೋ ಎಂದು ಬೇರ್ಪಡಿಸಬೇಕು, ಎಲ್ಲಕ್ಕೂ ಸೊನ್ನೆ ಹಾಕಿದರೆ ಕೆಲಸವೇ ಹಾಳು. ಭೂಗೋಳ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ದೂರದ ವಿ.ವಿ.ಯೊಂದು ಇದನ್ನು ಮಾಡಬಾರದೆಂದಿಲ್ಲ. ಆದರೆ ತೋಟದ ಬಾಗಿಲಿಗೆ ಹೋಗಿ, ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ಪುಸ್ತಕ ಕೇಳಿ ಪಡೆಯುವವರು ಊರಿನ ಕಾಲೇಜಿನ ಮಕ್ಕಳೇ.

ಮಳೆಯಿಂದಲೇ ಹುಟ್ಟುವ ಇನ್ನೊಂದು ಮಾತು ಶೈಕ್ಷಣಿಕ ವೇಳಾಪಟ್ಟಿಯದು. ಸೆಮಿಸ್ಟರಿಗೆ 90 ದಿನ ಪಾಠ ನಡೆಯಬೇಕು. ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಮಳೆ ರಜೆ ಕೊಡುತ್ತದೆ, ಬಿರುನಾಣಿ, ಭಾಗಮಂಡಲದ ಕಡೆ ರಸ್ತೆ ಕಡಿದರೆ ರಜೆ ಇಲ್ಲದ ದಿನವೂ ಹಾಜರಿ ಅರ್ಧ. ಡಿಸೆಂಬರಿನಿಂದ ಕಾಫಿ ಕೊಯ್ಲು, ಆಗ ಕೂಲಿಗೆ ಹೋಗುವ ವಿದ್ಯಾರ್ಥಿಗಳೂ ಇದ್ದಾರೆ. ಕರಾವಳಿಗೂ ಕೊಡಗಿಗೂ ಒಂದೇ ವೇಳಾಪಟ್ಟಿ ಮಾಡಿದಾಗ ಕಳೆದ ದಿನಗಳನ್ನು ಭಾನುವಾರದ ತರಗತಿಗಳಲ್ಲಿ ತುಂಬಿಸಿ, ಕಾಗದದ ಮೇಲೆ 90 ಮುಟ್ಟಿಸುವುದೇ ಆಗುತ್ತದೆ. ಕೊಡಗಿನ ವಿದ್ಯಾವಿಷಯಕ ಪರಿಷತ್ತು ಮನಸ್ಸು ಮಾಡಿದರೆ ಮಳೆಗಾಲದ ವಾರಗಳಿಗೆ ಕಡಿಮೆ ಹೊರೆ ಇಟ್ಟು, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಪ್ರಯೋಗಾಲಯದ ಕೆಲಸ ಜೋಡಿಸಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ವಿ.ವಿ.ಯವರಿಗೂ ಒಂದು ಮಾತು. ಚಿಕ್ಕ ಅಳುವಾರ ಜಿಲ್ಲೆಯ ಒಂದು ತುದಿಯಲ್ಲಿದೆ. ಕುಟ್ಟ, ಶ್ರೀಮಂಗಲದ ವಿದ್ಯಾರ್ಥಿಗೆ ಮಂಗಳೂರು ವಿ.ವಿ. ಇರುವ ಕೊಣಾಜೆಯ ಬದಲು ಅಳುವಾರ ಎಂದರೆ ದೂರ ಕಡಿಮೆಯಾಯಿತೇ ಹೊರತು ಕಷ್ಟ ತೀರಲಿಲ್ಲ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಾದರೆ ಮೂರು ಬಸ್ಸು ಬದಲಿಸಿ ಬಂದು, ಸಂಬಂಧಪಟ್ಟ ಗುಮಾಸ್ತರು ರಜೆಯಲ್ಲಿದ್ದಾರೆಂದು ವಾಪಸಾಗುವ ಸ್ಥಿತಿ ಯಾರಿಗೂ ಬರಬಾರದು. ವಾರಕ್ಕೊಂದು ದಿನ ಗೋಣಿಕೊಪ್ಪ ಅಥವಾ ವಿರಾಜಪೇಟೆಯ ಯಾವುದಾದರೂ ಕಾಲೇಜಿನಲ್ಲಿ ಒಬ್ಬ ಅಧೀಕ್ಷಕರನ್ನು ಕೂರಿಸಿ, ತಿದ್ದುಪಡಿ, ವರ್ಗಾವಣೆ, ತಾತ್ಕಾಲಿಕ ಪದವಿ ಪ್ರಮಾಣಪತ್ರದ ಅರ್ಜಿಗಳನ್ನು ಅಲ್ಲೇ ತೆಗೆದುಕೊಂಡು ರಸೀದಿ ಕೊಡಲಿ. ಜಿಲ್ಲೆಯ ಜನ ವಿ.ವಿ.ಯ ಪರವಾಗಿ ನಿಲ್ಲುವುದು ಇಂಥ ಕೆಲಸ ಕಂಡಾಗ.

ಕೊನೆಯದಾಗಿ ಸರ್ಕಾರಕ್ಕೆ ಒಂದು ತುರ್ತು ವಿನಂತಿ. 2024–25ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದ್ದರಿಂದ ಅಕ್ಕಪಕ್ಕದ ಬ್ಯಾಚುಗಳೇ ಬೇರೆ ಬೇರೆ ಪಠ್ಯಕ್ರಮದಲ್ಲಿ ಓದಿವೆ. ಇದರ ಮೇಲೆ ವಿ.ವಿ.ಯೂ ಬದಲಾದರೆ, ಒಂದು ಪತ್ರಿಕೆ ಬಾಕಿ ಉಳಿಸಿಕೊಂಡ ವಿದ್ಯಾರ್ಥಿ ಯಾವ ಪಠ್ಯಕ್ರಮದಲ್ಲಿ, ಯಾವ ವಿ.ವಿ.ಗೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು, ಪದವಿಯ ಮೇಲೆ ಯಾವ ಹೆಸರು ಬರುತ್ತದೆ ಎಂಬುದಕ್ಕೆ ಲಿಖಿತ ಆದೇಶ ಬೇಕು. ತೀರ್ಮಾನ ಏನೇ ಇರಲಿ, ಪ್ರವೇಶದ ಅರ್ಜಿ ಹೊರಡುವ ಮೊದಲು, ಬ್ಯಾಚುವಾರು ಕೋಷ್ಟಕದ ಸಮೇತ ಅದು ಕಾಲೇಜುಗಳ ಸೂಚನಾ ಫಲಕದಲ್ಲಿ ಇರಬೇಕು.

– ಪದವಿ ಕಾಲೇಜುಗಳ ಕೆಲವು ಅಧ್ಯಾಪಕರು, ಮಡಿಕೇರಿ ಮತ್ತು ಕುಶಾಲನಗರ